ಸ್ಕೇಲ್ ಬರೆಯುವ ಜಾಗದಲ್ಲಿ ಒಂದು ಊರು

ನನ್ನ ತಮ್ಮನ ಮೊಮ್ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟವೊಂದರ ಬಗ್ಗೆ ಮೊನ್ನೆ ಊಟಕ್ಕೆ ಕುಳಿತಾಗ ಜಗಳ ತೆಗೆದಿದ್ದರು. ಆ ಆಟದಲ್ಲಿ ದೊಡ್ಡದೊಂದು ಮಾಯಾಲೋಕವಿದೆಯಂತೆ, ಆಡುವವರು ಎಲ್ಲಿ ಬೇಕಾದರೂ ಅಲೆಯಬಹುದಂತೆ. "ಲೋಕ ಎಷ್ಟ ದೊಡ್ಡದಿದ್ರೇನು, ಕಥಿನ ಸಪ್ಪಗೈತಿ" ಎಂದು ಒಬ್ಬ. "ಅಷ್ಟ ದೊಡ್ಡ ಲೋಕ ಕಟ್ಟೂದಂದ್ರ ಸಣ್ಣ ಮಾತೇನು" ಎಂದು ಇನ್ನೊಬ್ಬ. ಇದೇ ಜಗಳವನ್ನು ನಾನು ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಳಗಾವಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಆಡಿ ಸೋತಿದ್ದೆ. ಅಂದಿನ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ ಎಂಬುದು ಮೊನ್ನೆ ಗೊತ್ತಾಯಿತು.

ನಮ್ಮದೂ ಅಂಥದೇ ಆಟ. ಕಂಪ್ಯೂಟರ್ ಇರಲಿಲ್ಲ, ಕವಡೆ ಇದ್ದವು. ಅಪ್ಪ ಸರ್ವೇ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದರು. ಕೆಟ್ಟುಹೋದ ದೊಡ್ಡ ಹಾಳೆಗಳನ್ನು ಮನೆಗೆ ತರುತ್ತಿದ್ದರು. ಅವುಗಳ ಹಿಂಬದಿಯಲ್ಲಿ ನಾನು ಒಂದು ರಾಜ್ಯ ಬರೆದೆ. ಏಳು ಹೊಳೆ, ಎರಡು ಅಡವಿ, ರಾಕ್ಷಸನ ಒಂದು ಕೋಟೆ, ಮುನ್ನೂರು ಹಳ್ಳಿ. ಹಳ್ಳಿಗೊಂದು ನಂಬರು, ಪ್ರತಿ ಹಳ್ಳಿಗೂ ಗಡಿಕಲ್ಲು. ಯಾವ ನಂಬರಿನ ಊರಲ್ಲಿ ಏನಿದೆ ಎಂಬುದನ್ನು ಒಂದು ದಪ್ಪ ವಹಿಯಲ್ಲಿ ಬರೆದಿಟ್ಟಿದ್ದೆ. ಆಡುವವರು ತಮ್ಮ ಕಾಯಿಯನ್ನು ಎಲ್ಲಿಗೆ ಬೇಕಾದರೂ ನಡೆಸಬಹುದು. ಊರು ಮುಟ್ಟಿದ ಮೇಲೆ ಕವಡೆ ಹಾಕಬೇಕು, ನಾನು ವಹಿ ತೆರೆದು ಓದಬೇಕು. ನೂರಾ ಹನ್ನೆರಡು: ಇಲ್ಲಿ ಮೂರು ತಲೆಯ ಹಾವಿದೆ. ಇನ್ನೂರಾ ನಾಲ್ಕು: ಇಲ್ಲಿ ಮಾತಾಡುವ ಆಲದ ಮರವಿದೆ. ಅಳತೆ ಮಾಡಿ ಗೆರೆ ಎಳೆದರೆ ಊರು ಇದ್ದಂತೆಯೇ ಎಂದು ನಾನು ನಂಬಿದ್ದೆ. ಸರ್ವೇದವರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಇರುವ ರೋಗ ಇದು.

ಆಗ ನಾನು ಶಿಕ್ಷಕಿಯರ ತರಬೇತಿಯಲ್ಲಿದ್ದೆ. ಒಂದು ವರ್ಷ ನಪಾಸಾಗಿದ್ದರಿಂದ ತರಗತಿಯಲ್ಲಿ ನಾನೇ ಹಿರಿಯಳು. ಆ ಅವಮಾನವನ್ನು ಮರೆಸಲು ನನ್ನ ಬಳಿ ಇದ್ದದ್ದು ಈ ಆಟ ಒಂದೇ. ಶನಿವಾರ ಅರ್ಧ ದಿನದ ತರಗತಿ ಮುಗಿಸಿ ಗೆಳತಿಯರು ನನ್ನ ಹಿಂದೆ ನಡೆದುಬರುವಾಗ ರವಿವಾರ ಪೇಟೆಯ ಹಮಾಲರೂ ದಾರಿ ಬಿಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಪೀರನವಾಡಿಯಿಂದ ಬರುವವಳೊಬ್ಬಳು, ಅವಳು ಆಟದಲ್ಲಿ ಕಳ್ಳಿ. ವಕೀಲರ ಮಗಳೊಬ್ಬಳು, ಅವಳು ಮಂತ್ರಗಾತಿ. ಮೂರನೆಯವಳು ಆಮೇಲೆ ಬಂದು ಸೇರಿದಳು. ಖಾನಾಪುರದ ಬಳೆಗಾರರ ಮಗಳು, ದಿನಾ ರೈಲಿನಲ್ಲಿ ಹೋಗಿಬಂದು ಮಾಡುತ್ತಿದ್ದಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ಹೆಚ್ಚು ಮಾತಿಲ್ಲ. ಇಂಥವಳಿಂದ ನನಗೇನು ಅಪಾಯ ಎಂದುಕೊಂಡಿದ್ದೆ.

ಒಂದು ಶನಿವಾರ ನಾನು ಸಂಬಂಧಿಕರ ನಿಶ್ಚಿತಾರ್ಥಕ್ಕೆಂದು ಸಾಂಬ್ರಾಕ್ಕೆ ಹೋಗಬೇಕಾಯಿತು. ಅಷ್ಟರಲ್ಲಿ ಮೂವರೂ ಬಂದಾಗಿತ್ತು. ಮಾಳಿಗೆಯ ಮೇಲೆ ಕುಳಿತು ಚುರಮುರಿ ತಿನ್ನಿರಿ ಎಂದು ಹೇಳಿ, ವಹಿಯನ್ನು ಮಾತ್ರ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ ಹೋದೆ. ನಾನಿಲ್ಲದೆ ಆಟ ನಡೆಯಬಾರದು, ಅದಕ್ಕೇ.

ಮುಂದಿನ ಶನಿವಾರ ನಕಾಶೆ ಹಾಸಿದರೆ ಎಲ್ಲರೂ ತಮ್ಮ ಕಾಯಿಗಳನ್ನು ಬಲಗಡೆಯ ಕೆಳಮೂಲೆಯಲ್ಲಿಟ್ಟರು. ಅಂಗುಲಕ್ಕೆ ಎಷ್ಟು ಮೈಲಿ ಎಂಬ ಅಳತೆ ಬರೆಯಲು ಅಲ್ಲಿ ನಾನೊಂದು ಖಾಲಿ ಚೌಕ ಬಿಟ್ಟಿದ್ದೆ.

"ಅದು ಊರಲ್ಲ, ಸ್ಕೇಲ್ ಬರಿಯೂ ಜಾಗಾ" ಎಂದೆ.

"ಈಗ ಅಲ್ಲೊಂದು ಊರೈತಿ" ಎಂದಳು ಪೀರನವಾಡಿಯವಳು. "ಖಾನಾಪುರದಾಕಿ ಹೇಳ್ಯಾಳ."

ಆ ಊರಲ್ಲಿ ಕುಂಬಾರರ ಮನೆ ಒಂದಿತ್ತು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಅಕ್ಕ ಉರಿಬಿಸಿಲಿನ ನಡುಮಧ್ಯಾಹ್ನ ಒಬ್ಬಳೇ ನೀರಿಗೆ ಬರುತ್ತಿದ್ದಳು. ಉಳಿದ ಹೊತ್ತಿನಲ್ಲಿ ತಲೆನೋವು ಎಂದು ಒಳಗೇ ಇರುತ್ತಿದ್ದಳು. ಯಾಕೆ ಎಂದು ನಮ್ಮ ಕಳ್ಳಿ ಬೆನ್ನು ಹತ್ತಿ ನೋಡಿದಾಗ ತಿಳಿಯಿತು: ಆ ಹುಡುಗಿಗೆ ನೆರಳಿಲ್ಲ. ತಂಗಿ ಜ್ವರ ಬಂದು ಸಾಯಲು ಬಿದ್ದಾಗ, ಅವಳನ್ನು ಉಳಿಸಲು ಅಕ್ಕ ತನ್ನ ನೆರಳನ್ನು ರಾಕ್ಷಸನಿಗೆ ಕೊಟ್ಟುಬಿಟ್ಟಿದ್ದಳು. ಎಲ್ಲರ ನೆರಳೂ ಕಾಲಡಿಗೆ ಸರಿಯುವ ಹೊತ್ತಿನಲ್ಲಿ ಮಾತ್ರ ಹೊರಗೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ತಂಗಿಗೆ ಈ ಸಂಗತಿ ತಿಳಿಯದು. ಅವಳಿಗೆ ಹೇಳಬೇಕೋ ಬೇಡವೋ ಎಂದು ನನ್ನ ಗೆಳತಿಯರಿಬ್ಬರೂ ವಾರವಿಡೀ ತರಗತಿಯಲ್ಲಿ ಪಿಸುಗುಟ್ಟಿದ್ದರಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ.

"ಇರ್ಲಿ, ಈಗ ಹೊಳಿ ದಾಟಿ ನಡೀರಿ. ಆ ಕಡೆ ನೂರಾ ಐವತ್ತ ಊರು ನೀವಿನ್ನೂ ನೋಡಿಲ್ಲ" ಎಂದೆ.

ವಕೀಲರ ಮಗಳು ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡಳು. "ನೋಡು, ಸಿಟ್ಟಿಗೇಳಬ್ಯಾಡ. ನಿನ್ನ ರಾಜ್ಯ ದೊಡ್ಡದೈತಿ, ಖರೇ. ಆದ್ರ ಯಾವ ಊರಿಗೆ ಹ್ವಾದ್ರೂ ಒಂದು ಹಾವು, ಒಂದು ಮರ. ಹೊಡದ್ವಿ, ಮುಂದ ಹ್ವಾದ್ವಿ. ಅಲ್ಲಿ ನಮ್ಮ ಹಾದಿ ಕಾಯೂ ಮಂದಿ ಒಬ್ರೂ ಇಲ್ಲ."

"ಮುನ್ನೂರ ಊರು ಬರಿಯಾಕ ನನಗ ಒಂದು ವರ್ಷ ಹಿಡದೈತಿ."

"ಆಕಿಗೆ ಒಂದು ಮಧ್ಯಾಹ್ನ ಹಿಡೀತು" ಎಂದಳು ಪೀರನವಾಡಿಯವಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಹಾಗೇ, ಸ್ಕೇಲಿನ ಜಾಗದಲ್ಲಿ ಊರು ಕಟ್ಟುವುದು ನಿಯಮಕ್ಕೆ ವಿರುದ್ಧ ಎಂದು ವಾದ ಹೂಡಿದೆ. ಖಾನಾಪುರದವಳು ಮಾತ್ರ ಬಳೆ ತಿರುಗಿಸುತ್ತ ಕುಳಿತಿದ್ದಳು. ಅವಳು ಒಂದಿಷ್ಟು ಬೀಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇವಳು ಯಾವುದೋ ಪುಸ್ತಕದಿಂದ ಕದಿಯುತ್ತಿದ್ದಾಳೆ ಎಂಬ ಗುಮಾನಿ ನನ್ನದು. ಅದನ್ನು ಹಿಡಿಯಲೆಂದೇ ಒಂದು ಭಾನುವಾರ ರೈಲು ಹತ್ತಿ ಖಾನಾಪುರಕ್ಕೆ ಹೋದೆ. ಬಳೆ ಇಡಿಸಿಕೊಳ್ಳಲು ಬಂದೆ ಎಂದು ಸುಳ್ಳು ಹೇಳಿದೆ. ಅವಳ ತಾಯಿ ಚಾಪೆ ಹಾಸಿ ನನ್ನ ಕೈ ಹಿಡಿದರು.

"ಬೆಳಗಾವಿ ಬಿಟ್ಟು ಇಲ್ಲೀತನಕಾ ಬಂದೀರೇನ್ರೀ? ಕೈ ಭಾಳ ಬಿಗಿ ಹಿಡದೀರಿ. ಸಾಲಿ ಹೆಂಗ ನಡದೈತಿ?"

ಒಂದು ಕೇಳುವರು, ಸುಮ್ಮನಿರುವರು. ಆ ಸುಮ್ಮನಿರುವಿಕೆಯಲ್ಲಿ ನಾನೇ ಮಾತಾಡತೊಡಗಿದೆ. ನಪಾಸಾದದ್ದು, ಆ ದಿನ ಅಪ್ಪ ಊಟ ಬಿಟ್ಟು ಎದ್ದುಹೋದದ್ದು, ಮನೆಯಲ್ಲೂ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ನೋಡಿದರೆ ಡಜನ್ ಬಳೆ ಒಂದೂ ಒಡೆಯದೆ ಗೆಣ್ಣು ದಾಟಿ ಕೈಗೇರಿದ್ದವು. ಮಾತಾಡುವವರ ಕೈ ತಾನಾಗಿಯೇ ಸಡಿಲಾಗುತ್ತದಂತೆ, ಬಳೆಗಾರರ ಕಸುಬೇ ಅದು. ಪಕ್ಕದಲ್ಲಿ ಮಗಳು ಬಳೆಯ ಸರ ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕುಳಿತಿದ್ದಳು.

"ನಿನ್ನ ವಹಿ ಎಲ್ಲೈತಿ?" ಎಂದು ಹೊರಡುವಾಗ ಕೇಳಿದೆ.

"ವಹಿ ಇಲ್ರಿ ಅಕ್ಕಾ."

"ಹಂಗಾದ್ರ ಮುಂದ ಏನಾಗತೈತಿ ಅಂತ ನಿನಗ ಹೆಂಗ ಗೊತ್ತು?"

"ಗೊತ್ತಿಲ್ರಿ. ಆಡವ್ರು ಏನರ ಮಾಡಿದ ಮ್ಯಾಲ ನನಗೂ ಗೊತ್ತಾಗತೈತಿ."

ಪುಸ್ತಕವಾಗಿದ್ದರೆ ಹರಿದು ಬಿಸಾಡಬಹುದಿತ್ತು, ವಹಿಯಾಗಿದ್ದರೆ ಕದಿಯಬಹುದಿತ್ತು. ಇದನ್ನು ಏನು ಮಾಡುವುದು? ಹಿಂತಿರುಗುವ ರೈಲಿನಲ್ಲಿ ಕೈತುಂಬ ಹಸಿರು ಬಳೆ ಇಟ್ಟುಕೊಂಡು ನಾನು ಉರಿಯುತ್ತಿದ್ದೆ.

ಮುಂದಿನ ಶನಿವಾರ ನಾನೂ ಆಡುತ್ತೇನೆ ಎಂದೆ. ಎಲ್ಲರಿಗೂ ಆಶ್ಚರ್ಯ, ಖಾನಾಪುರದವಳಿಗೆ ಸಂತೋಷ. ಯಾರಾಗುತ್ತೀರಿ ಎಂದು ಕೇಳಿದಳು. ಡಂಗುರ ಸಾರುವವಳು ಎಂದೆ. ಒಂದು ಹುಣಸೆಬೀಜವನ್ನು ಕಾಯಿ ಮಾಡಿ ನೇರವಾಗಿ ಆ ಚೌಕದೊಳಗೆ, ಕುಂಬಾರರ ಮನೆಯ ಮುಂದೆ ಇಟ್ಟೆ. "ಈಗ ಸಂಜಿ ಐತಿ. ನಾನು ಡಂಗುರ ಬಾರಸ್ತೀನಿ. ಈ ಮನಿ ಹಿರೇ ಮಗಳಿಗೆ ನೆರಳಿಲ್ಲ, ತಂಗಿ ಸಲುವಾಗಿ ರಾಕ್ಷಸಗ ಕೊಟ್ಟಾಳ ಅಂತ ಊರಿಗೆಲ್ಲಾ ಸಾರ್ತೀನಿ" ಎಂದೆ.

ಕಥೆಯ ಜೀವವೇ ಆ ಗುಟ್ಟಿನಲ್ಲಿತ್ತು. ಅದು ಹೋದರೆ ಕಥೆ ಹೋಯಿತು, ಎಲ್ಲರೂ ನನ್ನ ಮುನ್ನೂರು ಊರಿಗೆ ಮರಳುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

"ಇದು ಆಟ ಅಲ್ಲವಾ, ಹೊಟ್ಟಿಕಿಚ್ಚು" ಎಂದು ಪೀರನವಾಡಿಯವಳು ತನ್ನ ಕಾಯಿ ಎತ್ತಿಕೊಂಡಳು. ಅವಳ ಕಣ್ಣು ತುಂಬಿದ್ದವು.

"ಇರ್ಲಿ ಬಿಡ್ರಿ" ಎಂದಳು ಖಾನಾಪುರದವಳು. ಅವಳ ಮುಖವೂ ಬಿಳಿಚಿತ್ತು. "ಸಾರಿದ್ರು ಅಂದ ಮ್ಯಾಲ ಊರಿಗೆ ಗೊತ್ತಾತು." ನಕಾಶೆಯ ಮೇಲೆ ಬಾಗಿದಳು. "ತಂಗಿ ಕೇಳಿಸ್ಕೊಂಡ್ಳು. ಒಲಿ ಮ್ಯಾಲಿನ ಗಡಿಗಿ ಇಳಿಸಿದ್ಳು, ಅಕ್ಕಗ ನೀಡಿ ಇಟ್ಟಳು. ಆಮ್ಯಾಲ ಹಿತ್ತಲ ಬಾಗಲಿಂದ ಹೊಂಟಳು, ಅಕ್ಕನ ನೆರಳು ಇಸಗೊಂಡ ಬರಾಕ."

ಒಂದು ಒಡೆದ ಬಳೆಯ ಚೂರನ್ನು ತಂಗಿ ಎಂದು ಚೌಕದ ಗೆರೆ ದಾಟಿಸಿ ನನ್ನ ರಾಜ್ಯದೊಳಗೆ ಇಟ್ಟಳು. ಪೀರನವಾಡಿಯವಳು ಎತ್ತಿಕೊಂಡ ಕಾಯಿಯನ್ನು ಮತ್ತೆ ಕೆಳಗಿಟ್ಟಳು. ವಕೀಲರ ಮಗಳು ತನ್ನದನ್ನು ಬಳೆಚೂರಿನ ಪಕ್ಕಕ್ಕೆ ಸರಿಸಿದಳು. ನಾನು ಕೆಡಿಸಲು ಹೋದದ್ದು ಮೊದಲಿಗಿಂತ ಚೆಂದವಾಗಿ ನಿಂತಿತ್ತು.

ಆಗ ಅವಳು ನನ್ನತ್ತ ತಿರುಗಿ, "ಅಕ್ಕಾ, ಇಲ್ಲಿಂದ ಕ್ವಾಟಿಗೆ ಹೋಗೂ ಹಾದಿ ನಿಮಗಷ್ಟ ಗೊತ್ತು. ಮೊದಲ ಯಾವ ಊರ ಬರತೈತ್ರಿ? ಆ ಹುಡುಗಿಗೆ ಯಾರರ ತುತ್ತ ಅನ್ನ ಹಾಕ್ತಾರೇನ್ರಿ?" ಎಂದಳು.

ವ್ಯಂಗ್ಯವಿರಲಿಲ್ಲ. ನಾನು ಮಾಡಿದ್ದು ಯಾಕೆಂದು ತಿಳಿದೂ ಅರ್ಧ ಕಥೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಅದು ನನಗೆ ಅರ್ಥವಾಯಿತು, ಅರ್ಥವಾದದ್ದರಿಂದಲೇ ಇನ್ನಷ್ಟು ಉರಿಯಿತು. ಅಲ್ಲಿಯವರೆಗೆ ಅವಳ ಕಥೆಯ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು, ಈಗ ಅವಳ ಗುಣದ ಮೇಲೂ ಬಂತು. ಒಂದು ಹೊತ್ತಿನ ಊಟ ಹಾಕುವ ಒಂದು ಮನೆಯೂ ನನ್ನ ಮುನ್ನೂರು ಊರಲ್ಲಿ ಇರಲಿಲ್ಲ. ಇಲ್ಲ ಎನ್ನುವ ಬದಲು "ಈ ಹಾಳಿ ಅಪ್ಪಗ ಆಫೀಸಿಗೆ ಬೇಕಂತ" ಎಂದು ಸುಳ್ಳು ಹೇಳಿ, ಕಾಯಿಗಳಿದ್ದಂತೆಯೇ ನಕಾಶೆ ಮಡಿಚಿಬಿಟ್ಟೆ.

ಆಮೇಲೆ ಗೆಳತಿಯರಿಬ್ಬರೂ ಭಾನುವಾರಗಳಂದು ಖಾನಾಪುರಕ್ಕೆ ಹೋಗತೊಡಗಿದರು. ಅಲ್ಲಿ ನಕಾಶೆ ಇರಲಿಲ್ಲ, ಚಾಪೆಯ ಮೇಲೆ ಬಳೆಚೂರು ಇಟ್ಟು ಆಡುತ್ತಿದ್ದರಂತೆ. "ನೀವೂ ಬರ್ರಿ ಅಕ್ಕಾ" ಎಂದು ಅವಳು ಪ್ರತಿ ಶನಿವಾರ ಕರೆಯುತ್ತಿದ್ದಳು. ನನಗೆ ಪ್ರತಿ ಭಾನುವಾರ ಏನೋ ಕೆಲಸವಿರುತ್ತಿತ್ತು. ಸೋಮವಾರ ಬೆಳಿಗ್ಗೆ ಮೂವರೂ ಪಿಸುಗುಟ್ಟುತ್ತಿದ್ದರೆ ಕಿವಿಯೆಲ್ಲ ಅಲ್ಲೇ ಇಟ್ಟು, ಕಣ್ಣನ್ನು ಮಾತ್ರ ಪುಸ್ತಕದ ಮೇಲೆ ಇಡುತ್ತಿದ್ದೆ. ನಾನು ಹತ್ತಿರ ಬಂದರೆ ಅವರು ಮಾತು ನಿಲ್ಲಿಸುತ್ತಿದ್ದರು. ಕೇಳುವುದಿದ್ದರೆ ಬಾಯಿಬಿಟ್ಟು ಕೇಳಬೇಕಿತ್ತು. ತರಬೇತಿ ಮುಗಿಯಿತು, ಒಬ್ಬೊಬ್ಬರು ಒಂದೊಂದು ಊರಿನ ಶಾಲೆ ಸೇರಿದೆವು.

ಆ ತಂಗಿ ಕೋಟೆ ಮುಟ್ಟಿದಳೋ, ಅಕ್ಕನ ನೆರಳು ಸಿಕ್ಕಿತೋ ನನಗೆ ಗೊತ್ತಿಲ್ಲ. ಕೇಳಿದ್ದರೆ ಖಾನಾಪುರದವಳು ಹೇಳುತ್ತಿದ್ದಳು.