ಪೇಟಿಯಲ್ಲಿ ಜಾಗವಿಲ್ಲದ ಸ್ವರ

ಮಿರಜಿನಿಂದ ಗಿಟಾರ್ ತಂದದ್ದು ನನ್ನ ಹಟಕ್ಕೆ, ಆದರೆ ಅದರ ತಂತಿ ಬಿಗಿದದ್ದು ಅವ್ವನ ದನಿಗೆ. ಶಿರಗುಪ್ಪಿಯ ನಮ್ಮ ಮನೆಯಲ್ಲಿ ಅವ್ವ ಹಾಡಲು ಕೂತರೆ ಅಕ್ಕನ ಗಂಡ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದರು. ಅವರನ್ನು ನಾವು ದಾಜಿ ಅನ್ನುತ್ತೇವೆ. ಪಾಪ, ಪ್ರತಿ ಸಲವೂ ಅವರದು ಅದೇ ಗೋಳು.

"ಕರಿ ಒಂದು ಹಿಡಿದ್ರ ನೀವು ಮ್ಯಾಲ ಇರ್ತೀರಿ ಅತ್ತಿ, ಬಿಳಿ ಎರಡು ಹಿಡಿದ್ರ ಕೆಳಗ ಇರ್ತೀರಿ. ನಾ ಎಲ್ಲಿ ಹೋಗ್ಲಿ?"

"ನಿಮ್ಮ ಪೇಟ್ಯಾಗ ನನಗ ಜಾಗಾ ಇಲ್ಲಂದ್ರ ನಾ ಏನ್ ಮಾಡ್ಲಿರಿ?" ಎಂದು ಅವ್ವ ನಗುತ್ತಿದ್ದಳು.

ಬೆರಳಿನಿಂದ ಒತ್ತುವ ಆ ಕರಿ ಮನೆಗೂ ಅದರ ಪಕ್ಕದ ಬಿಳಿ ಮನೆಗೂ ನಡುವೆ ಪೇಟಿಯಲ್ಲಿ ಏನೂ ಇಲ್ಲ. ಗಿಟಾರಿಗೆ ಆ ರಗಳೆ ಇಲ್ಲ. ಕಿವಿ ಹಿಂಡಿದಂತೆ ಬಿರಡೆ ತಿರುವಿದರೆ ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಅವ್ವನ ದನಿಯೊಳಗೆ ತಂತಿ ಕರಗುವವರೆಗೂ ತಿರುವಿದೆ. ಮೊಬೈಲಿನಲ್ಲಿ ಸ್ವರ ಅಳೆಯುವ ಟ್ಯೂನರ್ ತಪ್ಪು ತಪ್ಪು ಎಂದು ಕೆಂಪು ತೋರಿಸಿತು. ತೋರಿಸಿಕೊಳ್ಳಲಿ ಅಂದೆ.

ಹಾಡು ಹಿಡಿಯಲು ಮೊಬೈಲು ಎತ್ತಿದರೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹೀಗಾಗಿ ಅವಳು ಹೋದ ಮೇಲೆ ನನಗೆ ಉಳಿದದ್ದು ಆ ತಂತಿಯೊಂದೇ. ನೆನಪಾದಾಗ ಮೀಟುತ್ತಿದ್ದೆ. ನುಡಿಸಲು ನನಗೆಲ್ಲಿ ಬರುತ್ತದೆ, ಬರೇ ಮೀಟುವುದು.

ಹೋದ ವರ್ಷ ನಾನು ಸಂತೆಯಿಂದ ಬರುವಷ್ಟರಲ್ಲಿ ದಾಜಿ ಮನೆಗೆ ಬಂದು ಕೂತಿದ್ದರು. ತೊಡೆಯ ಮೇಲೆ ಗಿಟಾರ್, ಕೈಯಲ್ಲಿ ಮೊಬೈಲು.

"ಎಲ್ಲಾ ತಂತಿ ಇಳದಿದ್ವು. ಖರೇ ಸ್ವರಕ್ಕ ತಂದೀನಿ ನೋಡವಾ."

ಟ್ಯೂನರ್ ಹಸಿರಾಗಿತ್ತು. ಚೀಲ ಅಲ್ಲೇ ಒಗೆದು, "ಅವ್ವನ್ನ ಅಳಿಸಿಬಿಟ್ರಲ್ರಿ ದಾಜಿ!" ಎಂದು ಚೀರಿದೆ. ಅವರ ಮುಖ ಸಣ್ಣದಾಯಿತು. ಆಮೇಲೆ ಎಷ್ಟು ತಿರುವಿದರೂ ಆ ಜಾಗ ನನಗೆ ಸಿಗಲಿಲ್ಲ. ಇವತ್ತು ಇದೇ ಅನ್ನಿಸುವುದು, ನಾಳೆ ಅಲ್ಲ ಅನ್ನಿಸುವುದು. ಹೆತ್ತವಳ ದನಿಯನ್ನೇ ಮರೆತೆನಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಈ ಬೇಸಿಗೆಯಲ್ಲಿ ದಿಗ್ಗೇವಾಡಿಯಲ್ಲಿ ಅಕ್ಕನ ಮಗಳ ಮದುವೆ. ಹುಡುಗಿಯ ಒತ್ತಾಯಕ್ಕೆ ಗಿಟಾರನ್ನೂ ಒಯ್ದಿದ್ದೆ. ಅರಿಶಿನ ಬೀಸುವ ಶಾಸ್ತ್ರಕ್ಕೆಂದು ಅವ್ವ ಅಕ್ಕನಿಗೆ ಕೊಟ್ಟಿದ್ದ ತನ್ನ ಹಳೆಯ ಬೀಸುಕಲ್ಲನ್ನು ಹಿತ್ತಲಿನಿಂದ ತಂದು ತೊಳೆದಿದ್ದರು. ಅವ್ವ ಹಾಡು ಕಲಿತದ್ದೇ ಅದರ ಮುಂದೆ ಕೂತು.

ಅಕ್ಕ ಗೂಟ ಹಿಡಿದು ತಿರುವಿದಳು. ಕಲ್ಲು ಗುಂಯ್ ಅಂದಿತು. ಚಪ್ಪರದಲ್ಲಿ ಬೀಗರಿಗೆ ಚಹಾ ಕೊಡುತ್ತಿದ್ದ ದಾಜಿ ತಟ್ಟೆ ಅಲ್ಲೇ ಇಟ್ಟು ಓಡಿಬಂದರು. ಗಿಟಾರ್ ಎತ್ತಿಕೊಂಡು, ಕಲ್ಲಿನ ಪಕ್ಕ ನೆಲದ ಮೇಲೆಯೇ ಕೂತು ಅದರ ದನಿಗೆ ಕೂಡುವಂತೆ ಬಿರಡೆ ತಿರುವತೊಡಗಿದರು. ಈ ಸಲ ಮೊಬೈಲು ಮುಟ್ಟಲಿಲ್ಲ.

"ಬಾರವಾ ಇಲ್ಲಿ," ಎಂದು ನನ್ನನ್ನು ಕರೆದರು. "ಅತ್ತಿ ಇಲ್ಲೇ ಅದಾರ."

ಅದೇ! ಕರಿ ಒಂದಲ್ಲ, ಬಿಳಿ ಎರಡಲ್ಲ. ಕಲ್ಲು ತಿರುಗುತ್ತಿತ್ತು, ದಾಜಿ ತಂತಿ ಮೀಟುತ್ತಿದ್ದರು. ಅಕ್ಕ ಹಾಡು ಎತ್ತಲಿಲ್ಲ, ಸುತ್ತ ಕೂತ ಹೆಂಗಸರು ಯಾರೂ ಎತ್ತಲಿಲ್ಲ. ನಮ್ಮಲ್ಲಿ ಮೊದಲ ನುಡಿ ಯಾವಾಗಲೂ ಅವ್ವನದು. ರೂಢಿಯಂತೆ ಎಲ್ಲರೂ ಸುಮ್ಮನೆ ಅವಳಿಗಾಗಿ ಕಾದೆವು.