ಒಂದು ಕೆಂಪು ಚುಕ್ಕೆ, ನಾಲ್ಕು ಊರು

ನಕಾಶೆ ನನ್ನ ಕೈಗೆ ಬಂದದ್ದು ಫೋನಿನಲ್ಲಿ. ಬೈಲಹೊಂಗಲದಲ್ಲಿ ನನ್ನದು ಫ್ಲೆಕ್ಸ್ ಮುದ್ರಿಸುವ ಅಂಗಡಿ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಹತ್ತಿ ಬೀಜ, ಎಲ್ಲವೂ ಒಂದೇ ಯಂತ್ರದಿಂದ ಒಂದರ ಹಿಂದೊಂದು ಹೊರಗೆ ಬರುತ್ತವೆ. ಅವತ್ತು ಬಂದದ್ದು ಕಿಡ್ನಿ ಕೆಟ್ಟವರಿಗೆ ಪುಕ್ಕಟೆ ಡಯಾಲಿಸಿಸ್ ಮಾಡುವ ಒಂದು ಧರ್ಮಾರ್ಥ ಸಂಸ್ಥೆಯ ಕೆಲಸ. ಮೇಲೆ 'ದೇಶದ ತುಂಬ ನಾವು' ಎಂಬ ಸಾಲು. ಕೆಳಗೆ ಭಾರತ. ಅದರ ಮೈತುಂಬ ಕೆಂಪು ಚುಕ್ಕೆ, ದಡಾರ ಎದ್ದ ಕೂಸಿನ ಮೈಯ ಹಾಗೆ.

ನಾನು ಮೊದಲು ಹುಡುಕಿದ್ದು ರಾಮದುರ್ಗವನ್ನು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ವಾರಕ್ಕೆ ಎರಡು ಸಲ ಅದೇ ಸಂಸ್ಥೆಯ ರಾಮದುರ್ಗದ ಕೇಂದ್ರಕ್ಕೆ ನಡೆದುಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ನಮ್ಮ ಭಾಗಕ್ಕೆ ಇದ್ದದ್ದು ಒಂದೇ ಚುಕ್ಕೆ. ಅದರ ಕೆಳಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಮುಚ್ಚಿಹೋಗಿದ್ದವು. ಹಿಂದಿನ ಸಲ ನಾನೇ ಮುದ್ರಿಸಿದ್ದ ಫ್ಲೆಕ್ಸಿನಲ್ಲಿ ಎರಡು ಚುಕ್ಕೆಗಳು ಒಂದನ್ನೊಂದು ತಾಗಿಕೊಂಡಿದ್ದವು.

ಚಿತ್ರ ಮಾಡಿದವರು ಮರೆತಿರಬೇಕು ಎಂದು ಸಂಸ್ಥೆಯ ಮೇಡಮ್ಮರಿಗೆ ಫೋನು ಮಾಡಿದೆ.

"ಮೇಡಂ, ರಾಮದುರ್ಗದ ಚುಕ್ಕಿ ಬಿಟ್ಟೈತ್ರಿ."

"ಬಿಟ್ಟಿಲ್ಲ ಸರ್, ತೆಗೆದಿದ್ದೀವಿ. ಅಲ್ಲಿನ ಮಷಿನ್‌ಗಳು ಸವದತ್ತಿಗೆ ಬರ್ತಿವೆ. ನಿಮ್ಮ ಕಡೆ ಎಲ್ಲಾ ಊರಿಗೂ ಅದೇ ನಡುವೆ ಬರುತ್ತೆ."

"ಯಾವುದರ ನಡುವ್ರಿ?"

"ಮ್ಯಾಪಲ್ಲಿ ಸರ್."

'ಯಾವುದರ ನಡುವ' ಎಂದು ಆಗಲೇ ಕೇಳಿದೆನೋ, ಫೋನು ಇಟ್ಟ ಮೇಲೆ ಕೇಳಬೇಕಿತ್ತು ಅನ್ನಿಸಿತೋ, ಈಗ ಹೇಳಲಾರೆ. ಇಂಥ ಮಾತು ನನಗೆ ಯಾವಾಗಲೂ ತಡವಾಗಿ ಹೊಳೆಯುತ್ತದೆ. ಹಾಗಾಗಿ ಬಹುಶಃ ಕೇಳಿರಲಿಕ್ಕಿಲ್ಲ. ಫ್ಲೆಕ್ಸನ್ನಂತೂ ಮುದ್ರಿಸಿ ಕೊಟ್ಟೆ.

ಅಕ್ಕನಿಗೆ ಸವದತ್ತಿಯಲ್ಲಿ ಸಿಕ್ಕ ದಿನಗಳು ಮಂಗಳವಾರ ಮತ್ತು ಶುಕ್ರವಾರ. ಎರಡೂ ದೇವಿಯ ವಾರ. ಈ ಕಡೆಯವರು ಯಾರೂ ಆ ದಿನ ಸವದತ್ತಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ; ಬಸ್ಸುಗಳೆಲ್ಲ ದೇವಿಯ ಗುಡ್ಡಕ್ಕೆ ಹೋಗುವವರಿಂದ ತುಂಬಿರುತ್ತವೆ. ಹುಣ್ಣಿಮೆ ಕೂಡಿಕೊಂಡರೆ ಕೇಳುವುದೇ ಬೇಡ. ದಿನ ಬದಲಿಸಿ ಎಂದು ಬೇಡಿಕೊಂಡೆವು. ಉಳಿದ ದಿನಗಳು ತುಂಬಿವೆ ಎಂದರು. ಬೈಲಹೊಂಗಲಕ್ಕೆ ಬಂದು ನಮ್ಮಲ್ಲೇ ಇರು ಎಂದೆ. "ನನ್ನ ಹೊಲಿಗಿ ಮಷಿನ್ ನಿಮ್ಮ ಮನ್ಯಾಗ ಎಲ್ಲಿ ಇಡ್ತಿ, ನಿನ್ನ ತಲಿ ಮ್ಯಾಲ?" ಎಂದಳು.

ಕೇಂದ್ರದ ನಿಯಮ ಹೀಗಿತ್ತು: ಪಾಳಿ ಶುರುವಾಗುವ ಹೊತ್ತಿಗೆ ಬರದವರ ಕುರ್ಚಿ, ಹೊರಗೆ ಕಾಯುವವರಿಗೆ. ಆ ಒರಗುವ ಕುರ್ಚಿ ತಪ್ಪಿದರೆ ಮೈಯೊಳಗಿನ ನೀರು ಇಳಿಯುವುದಿಲ್ಲ. ಕಾಲು ಬಾತುಕೊಳ್ಳುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಒಂದು ಸಲ ಹಾಗಾದದ್ದನ್ನು ನಾನು ನೋಡಿದ್ದೆ. ಅದನ್ನು ಇಲ್ಲಿ ಬರೆಯಲಾರೆ.

ಅಕ್ಕನೇ ಒಂದು ಉಪಾಯ ಹೇಳಿದಳು. ಮೊದಲ ಶುಕ್ರವಾರವೇ ಹುಣ್ಣಿಮೆ. ಬೈಲಹೊಂಗಲದಿಂದ ನಾನು ಬೇಗ ಹೋಗಿ ಅವಳ ಟವೆಲ್ಲನ್ನು ಕುರ್ಚಿಗೆ ಹಾಕಬೇಕು. ರಾಮದುರ್ಗದ ಕೇಂದ್ರದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಬಸ್ಸಿನ ಕಿಟಕಿಯೊಳಗಿಂದ ಟವೆಲ್ ಒಗೆದು ಸೀಟು ಹಿಡಿಯುವ ಹಾಗೆ ಕುರ್ಚಿಗೂ ಟವೆಲ್. ಒಬ್ಬರು ಹಾಕಿದ ಟವೆಲ್ಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಹಸಿರು ಅಂಚಿನ ಬಿಳಿ ಟವೆಲ್ಲೊಂದನ್ನು ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದಳು.

ಸವದತ್ತಿಯಲ್ಲಿ ಹೊಸ ಬಣ್ಣದ ವಾಸನೆ. ಒಳಗೆ ನನ್ನದೇ ಫ್ಲೆಕ್ಸು. ಕಿಟಕಿ ಪಕ್ಕದ ಕುರ್ಚಿಗೆ ಟವೆಲ್ ಹಾಸಿ ಬಾಗಿಲ ಬಳಿ ನಿಂತೆ. ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್ ಬೆಂಗಳೂರಿನ ಆಚೆಯವನು.

"ಏನ್ ಸಾರ್ ಇದು?"

"ನಮ್ಮಕ್ಕನ ಟವೆಲ್ ರೀ. ಆಕಿ ಹಾದ್ಯಾಗ ಅದಾಳ."

"ಬಸ್ಸಲ್ಲ ಸಾರ್ ಇದು."

ಆದರೂ ತೆಗೆಯಲಿಲ್ಲ. ಗಡಿಯಾರ ನೋಡಿ ಆಚೆ ಹೋದ.

ಫೋನು ಬಂತು. "ತಮ್ಮಾ, ಬಸ್ ಬಂತು, ನಿಂದರಲೇ ಇಲ್ಲ. ಬಾಗಲದಾಗ ಮಂದಿ ಜೋತುಬಿದ್ದಾರ."

"ಟಂಟಂ ಗಾಡಿ ನೋಡು."

"ಅದರಾಗೂ ದೇವಿಗೆ ಒಯ್ಯೂ ಪಡ್ಡಲಗಿ ಬುಟ್ಟಿ ತುಂಬ್ಯಾವು. ನನ್ನೂ ಒಂದು ಬುಟ್ಯಾಗ ಹಾಕ್ಕೊಂಡು ಹೋಗ್ರಿ ಅಂದೆ. ನಕ್ಕರು, ಹತ್ತಿಸಿಕೊಳ್ಳಲಿಲ್ಲ. ಟವೆಲ್ ಬಿಡಬ್ಯಾಡ."

ಹೊರಗಿನ ಬೆಂಚಿನಲ್ಲಿ ಒಬ್ಬ ಮುದುಕ, ಅವನ ಸೊಸೆ. ಕಿತ್ತೂರಿನವರು. ಅವರಿಗೆ ಹೈವೇ ಮೇಲೆ ಧಾರವಾಡ ಹತ್ತಿರ. ಆದರೆ ಧಾರವಾಡ ಬೇರೆ ಜಿಲ್ಲೆ, ಬೇರೆ ಚುಕ್ಕೆ. ಹಿಂದಿನ ದಿನ ಬಸ್ಸು ಕೆಟ್ಟು ಮುದುಕನ ಪಾಳಿ ತಪ್ಪಿತ್ತು. ಇವತ್ತು ಯಾರಾದರೂ ಬರದಿದ್ದರೆ ಎಂದು ಕಾಯುತ್ತಿದ್ದರು. ಅಂದರೆ ನನ್ನ ಅಕ್ಕ ಬರದಿದ್ದರೆ. ಮುದುಕ ಉಸಿರೆಳೆದುಕೊಳ್ಳುವಾಗ ಹೆಗಲೆರಡೂ ಮೇಲೇರುತ್ತಿದ್ದವು.

"ಅಣ್ಣಾರ, ನಿಮ್ಮಕ್ಕ ಎಲ್ಲಿತನ ಬಂದಾರ್ರಿ?" ಎಂದಳು ಸೊಸೆ.

"ಇನ್ನೇನು ಬಂದ್ಲು."

"ಎಲ್ಲಿ ಬಂದ್ಲು?"

ನಾನು ರಸ್ತೆಯ ಕಡೆ ನೋಡಿದೆ. ಮುದುಕನೇ ಮಾತಾಡಿದ. "ಬಿಡವಾ. ಅವರು ಮೊದಲ ಹಾಕ್ಯಾರ. ಬಸ್ಸಿನ್ಯಾಗಾದ್ರ ಏಳ್ರಿ ಅಂತಿದ್ದೇನು?" ಅಷ್ಟು ಹೇಳಲು ಅವನು ಎರಡು ಸಲ ನಿಲ್ಲಬೇಕಾಯಿತು.

ಇಲ್ಲಿಂದ ಮುಂದಿನದು ನನಗೆ ಸರಿಯಾಗಿ ದಕ್ಕುತ್ತಿಲ್ಲ. ಪಾಳಿ ಶುರುವಾಯಿತು. ಉಳಿದ ಕುರ್ಚಿಗಳಲ್ಲಿ ಜನ ಒರಗಿದ್ದರು, ಯಂತ್ರಗಳು ತಿರುಗುತ್ತಿದ್ದವು. ಕಿಟಕಿ ಪಕ್ಕದಲ್ಲಿ ಮಾತ್ರ ಟವೆಲ್ಲೊಂದೇ ಮಲಗಿತ್ತು. ಅದನ್ನು ಎತ್ತಿದವರು ಯಾರು? ನಾನೇ ಎಂದು ಸೊಸೆ ಹೇಳುತ್ತಾಳೆ. ತಾನು ಎಂದು ಟೆಕ್ನಿಷಿಯನ್. ನನ್ನ ನೆನಪಿನಲ್ಲಿ ನಾನು ಬಗ್ಗಿ ಟವೆಲ್ ಮಡಿಸುತ್ತಿದ್ದೇನೆ. ಆದರೆ ಕಾಣುವುದು ನನ್ನ ಬೆನ್ನು, ಬಾಗಿಲ ಕಡೆಯಿಂದ. ನನ್ನ ಬೆನ್ನನ್ನು ನಾನು ನೋಡಿರಲು ಸಾಧ್ಯವಿಲ್ಲ. ಹಾಗಾದರೆ ಅದು ಸೊಸೆಯ ಮಾತಿನಿಂದ ಆಮೇಲೆ ನಾನು ಕಟ್ಟಿಕೊಂಡ ಚಿತ್ರ. ಖಾತ್ರಿ ಇರುವುದು ಇಷ್ಟು: ಮುದುಕ ಕುರ್ಚಿಯಲ್ಲಿದ್ದ, ಅಕ್ಕನ ಟವೆಲ್ ಅವನ ಕುತ್ತಿಗೆಯ ಕೆಳಗಿತ್ತು.

ಬಿಸಿಲು ಏರಿದ ಮೇಲೆ ಅಕ್ಕ ಬಂದಳು, ತರಕಾರಿ ಗಾಡಿಯಲ್ಲಿ. ಚಪ್ಪಲಿ ಕಾಲಿಗೆ ಹಿಡಿಸದೆ ಕೈಯಲ್ಲಿದ್ದವು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು.

"ಆತು ಬಿಡು," ಎಂದಳು. "ಟವೆಲ್ಲಿಗಾದ್ರೂ ಸೀಟು ಸಿಕ್ತಲ್ಲ."

ಟೆಕ್ನಿಷಿಯನ್ ಅವಳ ಬೆರಳಿಗೆ ಉಸಿರು ಅಳೆಯುವ ಕ್ಲಿಪ್ಪು ಹಾಕಿ ನೋಡಿದ. ಸಂಜೆ ಪಾಳಿಯ ಕೊನೆಗೆ ಸೇರಿಸುತ್ತೇನೆ, ಅಲ್ಲಿಯತನಕ ನೀರು ಕುಡಿಯಬೇಡಿ ಎಂದ. ಅವಳು ಗೋಡೆಗೆ ಒರಗಿ, ಫ್ಲೆಕ್ಸಿನ ಕೆಳಗೇ ಕುಳಿತಳು. ತಲೆ ಎತ್ತಿ ನಕಾಶೆಯಲ್ಲಿ ರಾಮದುರ್ಗ ಹುಡುಕಿದಳು.

"ಇದನ್ನ ನೀನ ಮಾಡಿದ್ದೇನು?"

"ಮುದ್ರಿಸಿದ್ದು ಅಷ್ಟ."

"ನನಗ ವಾರಕ್ಕ ಇಷ್ಟು ಸೂಜಿ ಚುಚ್ಚತಾರ. ನಮ್ಮೂರಿಗೆ ಒಂದು ಚುಚ್ಚಾಕ ಏನಾಗಿತ್ತು?"

ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಆ ಮಧ್ಯಾಹ್ನ ನಾನು ಅವಳ ಹೆಗಲನ್ನೇ ನೋಡುತ್ತ ಕುಳಿತೆ, ಅವು ಮೇಲೇರುತ್ತವೆಯೇ ಎಂದು. ಒಮ್ಮೆ ಏರಿದ ಹಾಗೆ ಕಂಡವು. ಒಳಗೆ ಓಡಿದೆ. ಟೆಕ್ನಿಷಿಯನ್ ಬಂದು ನೋಡಿ, ಇನ್ನೂ ತಡೆದುಕೊಳ್ಳುತ್ತಾರೆ ಎಂದ. ಇನ್ನೂ ಎಂಬ ಆ ಮಾತು ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಾಡಿತು. ಸಂಜೆ ಅವಳಿಗೆ ಕುರ್ಚಿ ಸಿಕ್ಕಿತು. ಸಿಕ್ಕದೆ ಹೋಗಿದ್ದರೆ ಇದನ್ನು ನಾನು ಬೇರೆ ಬಗೆಯಲ್ಲಿ ನೆನೆಯುತ್ತಿದ್ದೆ. ಟವೆಲ್ ಎತ್ತಿದವರು ಯಾರು ಎಂಬುದೂ ಆಗ ಇಷ್ಟು ಮಸುಕಾಗಿ ಇರುತ್ತಿರಲಿಲ್ಲವೇನೋ.

ಅದಕ್ಕೆ ಮೊದಲು, ಮುದುಕ ಹೊರಡುವಾಗ ಸೊಸೆ ಟವೆಲ್ಲನ್ನು ಮಡಿಸಿ ಕೊಡಲು ಬಂದಳು. ಅಕ್ಕ ಇಸಿದುಕೊಳ್ಳಲಿಲ್ಲ.

"ನಿಮ್ಮಲ್ಲೇ ಇರ್ಲಿ ತಂಗಿ. ನಿಮ್ಮ ಬಸ್ ನನಗಿಂತ ಮೊದಲ ಬರತೈತಿ. ಬಂದಾಗ ನನ್ನ ಹೆಸರಲೆ ಹಾಕು."

ಮುಂದೆ ತಿಂಗಳುಗಟ್ಟಲೆ ಹಾಗೇ ನಡೆಯಿತು. ಮುದುಕನಿಗೂ ಮಂಗಳವಾರ, ಶುಕ್ರವಾರವೇ ನಿಗದಿಯಾಯಿತು. ಸೊಸೆ ಬೆಳಿಗ್ಗೆ ಬಂದು ಮಾವನನ್ನು ಒಂದು ಕುರ್ಚಿಗೆ ಕೂರಿಸಿ, ಪಕ್ಕದ್ದಕ್ಕೆ ಟವೆಲ್ ಹಾಸಿ, ಅದರ ಕಾವಲಿಗೆ ನಿಲ್ಲುತ್ತಿದ್ದಳು. ಟೆಕ್ನಿಷಿಯನ್ ಸಹ ಈಗೀಗ "ಟವಲ್ ಅಕ್ಕ ಬಂದ್ರಾ?" ಎಂದು ಕೇಳಿ ಸ್ವಲ್ಪ ಹೊತ್ತು ತಡೆಯುತ್ತಾನೆ. ನಾನು ಸವದತ್ತಿಗೆ ಹೋಗುವುದನ್ನು ಬಿಟ್ಟಿದ್ದೆ.

ನಾಳೆ ಶುಕ್ರವಾರ, ಮತ್ತೆ ಹುಣ್ಣಿಮೆ. ಕಳೆದ ಮಂಗಳವಾರ ಕಿತ್ತೂರಿನವರು ಬರಲಿಲ್ಲ. ಅವತ್ತು ಬಸ್ಸು ಸಿಕ್ಕಿತು, ಅಕ್ಕ ಹೇಗೋ ಮುಟ್ಟಿದಳು. ಇವತ್ತು ಮಧ್ಯಾಹ್ನದಿಂದ ಸೊಸೆಗೆ ಫೋನು ಮಾಡುತ್ತಿದ್ದೇನೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ.

ಈಗಷ್ಟೇ ಅಕ್ಕನ ಫೋನು. "ಟವೆಲ್ ಹಾಕ್ತಾಳಲ್ಲ ಆಕಿ?"

"ಹಾಕ್ತಾಳ," ಎಂದೆ.

ಅಂಗಡಿಯ ಯಂತ್ರ ನಿಲ್ಲಿಸಿದ್ದೇನೆ. ಮುದ್ರಿಸಬೇಕಾದ ಒಂದು ಶ್ರದ್ಧಾಂಜಲಿ ಹಾಗೇ ಉಳಿದಿದೆ. ಅದು ಕಿತ್ತೂರಿನದಲ್ಲ, ತೆರೆದು ನೋಡಿದೆ. ಎದುರಿನ ಬಟ್ಟೆ ಅಂಗಡಿಯಿಂದ ಹೊಸ ಟವೆಲ್ಲೊಂದನ್ನು ತಂದು ಚೀಲದಲ್ಲಿಟ್ಟುಕೊಂಡಿದ್ದೇನೆ. ನಸುಕಿನ ಬಸ್ಸಿಗೆ ಹೋಗಬೇಕು. ಮುದುಕ ಬರದಿದ್ದರೆ ನಾಳೆ ಒಂದು ಕುರ್ಚಿ ಹೇಗೂ ಖಾಲಿ ಇರುತ್ತದೆ. ಈ ಯೋಚನೆ ಬಂದದ್ದು ಟವೆಲ್ ಕೊಳ್ಳುವ ಮೊದಲೋ ಆಮೇಲೋ ಎಂದು ನೋಡಿಕೊಳ್ಳಲು ನನಗೆ ಮನಸ್ಸಿಲ್ಲ. ಇನ್ನೊಮ್ಮೆ ಕಿತ್ತೂರಿಗೆ ಫೋನು ಹಚ್ಚುತ್ತಿದ್ದೇನೆ.