ಅಂಟಿನ ಮನೆಯ ಹಾಡು

ಕಟಕ್, ಕಟಕ್ ಎಂದು ಅಡಕೊತ್ತು ಉತ್ತತ್ತಿಯನ್ನು ಸೀಳುವ ಸದ್ದು ಎದ್ದಿತೆಂದರೆ ಗೋಕಾಕದ ಆ ಓಣಿಗೆ ಬೆಳಗಾಯಿತೆಂದೇ ಲೆಕ್ಕ. ಅದರ ಬೆನ್ನಿಗೇ ಹೆಂಗಸರ ಹಾಡು ಏಳುತ್ತಿತ್ತು. ಕೊಡ ಹೊತ್ತು ಹೊಳೆಗೆ ಹೊರಟವರು ಶಿವಗಂಗವ್ವನ ಕಟ್ಟೆಯ ಬಳಿ ಹೆಜ್ಜೆ ಸಣ್ಣ ಮಾಡುತ್ತಿದ್ದರು.

“ಈಕಿ ಮನ್ಯಾಗ ಕೆಲಸಾ ಅಂದ್ರ ಹಬ್ಬ ನೋಡವಾ,” ಎಂದು ಅವರು ಅನ್ನುವುದು ಒಳಗೆ ಕೇಳುತ್ತಿತ್ತು. ಆಗೆಲ್ಲ ಶಿವಗಂಗವ್ವ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆ ಹಾಡು ಯಾಕೆ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಗಂಡ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ವರ್ಷಗಳಲ್ಲಿ, ಅವಳು ಬಾಣಂತಿಯರಿಗೆಂದು ಕರದಂಟು ಮಾಡಿಕೊಡಲು ಶುರುಮಾಡಿದ್ದಳು. ಮನೆಗೆ ಕಾಳು ಹಸನು ಮಾಡಲು ಬರುತ್ತಿದ್ದ ಉದ್ದವ್ವ ಜತೆಯಾದಳು. ಒಬ್ಬಳು ತುಪ್ಪದಲ್ಲಿ ಮರದ ಅಂಟು ಕರಿದರೆ ಇನ್ನೊಬ್ಬಳು ಒಣಕೊಬ್ಬರಿ ಹೆರೆಯುವಳು. ಬೆಲ್ಲ ಕುಲಗೋಡದಿಂದ ಬರುತ್ತಿತ್ತು. ಉದ್ದವ್ವನ ದನಿ ತುಂಬಿದ ದನಿ. ಬೀಸುವ ಹಾಡುಗಳನ್ನು ಒಂದಾದ ಮೇಲೊಂದು ಎತ್ತುವಳು. ನಡುವೆ ಹಾಡು ನಿಲ್ಲಿಸಿ ಒಂದು ಚೂರು ಕೊಬ್ಬರಿಯನ್ನು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಶಿವಗಂಗವ್ವನ ಬಾಯಿಗೆ ಇಡುವಳು.

“ರುಚಿ ನೋಡದ ಮಾಡಿದ್ರ ಬಾಣಂತಿ ಬೈತಾಳ ಅಕ್ಕಾ.”

ಬರಬರುತ್ತ ಮಾಲು ಹುಕ್ಕೇರಿ, ಮೂಡಲಗಿ, ಬೆಲ್ಲದ ಬಾಗೇವಾಡಿಗೆ ಹೋಗತೊಡಗಿತು. ಪರಸ್ಥಳಕ್ಕೆ ಹೊರಟ ವ್ಯಾಪಾರಸ್ಥರೂ ಕಟ್ಟಿಸಿಕೊಂಡು ಹೋದರು. ಕೆಲಸಕ್ಕೆ ಬರುವವರು ಎಂಟು ಮಂದಿಯಾದರು. ಹೊಸಬರ ಮುಂದೆ ಸರಿಯಿರಲಿ ಎಂದು ಉದ್ದವ್ವ ತಾನಾಗಿಯೇ ‘ಅಕ್ಕಾ’ ಬಿಟ್ಟು ‘ಅಕ್ಕಾರ’ ಅನ್ನತೊಡಗಿದಳು. ಬೇಡವೆನ್ನಬೇಕು ಎಂದು ಶಿವಗಂಗವ್ವನಿಗೆ ಅನ್ನಿಸಿತ್ತು. ಅನ್ನಲಿಲ್ಲ. ಕೇಳಲು ಹಿತವಾಗಿತ್ತು.

ಕೆಲಸ ಬೆಳೆದಂತೆ ಅಂಜಿಕೆಯೂ ಬೆಳೆಯಿತು. ತಂದ ಉತ್ತತ್ತಿ ಬೇಗ ತೀರುತ್ತಿದೆ ಎನ್ನಿಸತೊಡಗಿತು. ಅವಳ ದೊಡ್ಡಪ್ಪನ ಮಗ ರಾಚಪ್ಪನಿಗೆ ಹತ್ತಿಯ ಅಡತಿ ಅಂಗಡಿಯಿತ್ತು. ಹಮಾಲರ ದಂಡನ್ನೇ ದುಡಿಸುವವನು. ಅವನನ್ನು ಕೇಳಿದಳು.

“ಮಂದಿ ಎಂಟಾದ್ರು, ನಿನ್ನ ಕಣ್ಣು ಎರಡಾ ಅದಾವ ತಂಗಿ,” ಎಂದ ರಾಚಪ್ಪ. “ಹೆಂಗೂ ಹಾಡ್ತಾರಲ್ಲ? ಬಿಡದಂಗ ಹಾಡಾಕ ಹಚ್ಚು. ಹಾಡಾಕಿ ಹೆಂಗ ಮೆಲ್ಲತಾಳ? ಯಾರ ದನಿ ನಿಂದರ್ತೈತಿ, ಆಕಿ ಬಾಯಾಗ ನಿನ್ನ ಉತ್ತತ್ತಿ ಐತಿ ಅಂತ ತಿಳಿ.”

“ನಿನ್ನ ಹಮಾಲರನ್ನೂ ಹಾಡಸ್ತೀ ಏನಣ್ಣಾ?”

“ಅವರು ಹಾಡಿದ್ರ ಎತ್ತು ಕಣ್ಣಿ ಹರಕೊಂಡು ಓಡ್ತಾವ!”

ಇಬ್ಬರೂ ನಕ್ಕರು. ಮರುದಿನವೇ ಶಿವಗಂಗವ್ವ ಹೇಳಿಬಿಟ್ಟಳು: “ಹಾಡ ನಿಂದ್ರಬಾರದು ನೋಡ್ರೆವಾ. ಹಾಡಿದ್ರ ಕೆಲಸಾ ಹಗರ ಆಗ್ತೈತಿ.” ಹೆಂಗಸರು ಒಪ್ಪಿದರು. ಉದ್ದವ್ವ ಮಾತ್ರ ಒಂದು ಗಳಿಗೆ ಅವಳ ಮುಖ ನೋಡಿ, ಆಮೇಲೆ ಕೊಬ್ಬರಿಗೆ ಕೈ ಹಾಕಿದಳು. ಅಂದಿನಿಂದ ಶಿವಗಂಗವ್ವ ಹಾಡು ಕೇಳುವುದನ್ನು ಬಿಟ್ಟಳು, ದನಿಗಳನ್ನು ಎಣಿಸತೊಡಗಿದಳು.

ದೀಪಾವಳಿ ಹತ್ತಿರವಿದ್ದ ಒಂದು ಮುಂಜಾನೆ ಎಣಿಕೆಯಲ್ಲಿ ಒಂದು ದನಿ ಕಡಿಮೆ ಬಂತು. ತಿರುಗಿ ನೋಡಿದಳು. ಉದ್ದವ್ವ ತಲೆ ತಗ್ಗಿಸಿ ಉತ್ತತ್ತಿ ಕತ್ತರಿಸುತ್ತಿದ್ದಳು. ಎಡಗೆನ್ನೆ ಉಬ್ಬಿತ್ತು.

“ಉದ್ದವ್ವಾ, ಬಾಯಾಗೇನೈತಿ?”

ಉದ್ದವ್ವ ಏನೂ ಇಲ್ಲವೆಂದು ತಲೆಯಾಡಿಸಿದಳು.

“ಬಾಯಿ ತಗಿ.”

ಅಡಕೊತ್ತುಗಳೆಲ್ಲ ನಿಂತವು.

“ಅಕ್ಕಾರ...”

“ಬಾಯಿ ತಗಿ ಅಂದೆ.”

ಉದ್ದವ್ವ ಎದ್ದು ಬಾಗಿಲ ಬೆಳಕಿಗೆ ಬಂದು ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಹಿಂದಿನ ಹಲ್ಲಿನ ಸುತ್ತ ವಸಡು ಬಾತು ಕೆಂಪಾಗಿತ್ತು. ಜ್ವರದ ಬಿಸಿಯುಸಿರು ಶಿವಗಂಗವ್ವನ ಮುಖಕ್ಕೆ ತಾಗಿತು. ಬಾಯಿ ಮುಚ್ಚು ಎನ್ನಲೂ ಅವಳಿಗೆ ತೋಚಲಿಲ್ಲ. ಅವಳು ಹೇಳುವವರೆಗೆ ಉದ್ದವ್ವ ಹಾಗೆಯೇ, ಎಲ್ಲರ ಮುಂದೆ, ಬಾಯಿ ತೆರೆದು ನಿಂತಿದ್ದಳು.

ಆಮೇಲೆ ಕೂತು ಉಳಿದ ಉತ್ತತ್ತಿ ಕತ್ತರಿಸಿ ಮುಗಿಸಿದಳು. ನೆಲ ಬಳಿದು, ಹೊತ್ತು ಇಳಿದ ಮೇಲೆ ಮನೆಗೆ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅಂಟು ಕರಿಯುತ್ತಿದ್ದಾಗ ಶಿವಗಂಗವ್ವನಿಗೆ ನೆನಪಾಯಿತು. ಬಾಯಿ ತೆಗೆಸಿದ ದಿನಕ್ಕೂ ಮೊದಲೇ ಉದ್ದವ್ವ ಹೇಳಿದ್ದಳು: “ಅಕ್ಕಾರ, ಹಲ್ಲ ಭಾಳ ನೋಯಾಕತ್ತೈತಿ.” ಮೂಡಲಗಿಗೆ ಹೋಗುವ ಚಕ್ಕಡಿಯವನೊಡನೆ ಮಾತಾಡುತ್ತಲೇ ತಾನು ಹೂಂ ಅಂದಿದ್ದಳು. ಹೂಂ ಅಂದದ್ದು ನೆನಪಿತ್ತು. ಕೇಳಿಸಿಕೊಂಡದ್ದು ನೆನಪಿರಲಿಲ್ಲ. ರಾಚಪ್ಪನ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದಳು, ಬರಲಿಲ್ಲ. ಅವನು ಹೇಳಿದ್ದು ಒಂದು ಮಾತು, ಅದನ್ನು ಮೆಚ್ಚಿ ಮನೆಗೆ ತಂದವಳು ತಾನು. ಬಾಣಲೆಯಲ್ಲಿ ಅಂಟು ಅರಳಿ, ಕೆಂಪಾಗಿ, ಕರಕಾಯಿತು.

ಒಂದು ಗಂಟು ಕರದಂಟು ಕಟ್ಟಿ, ಕೆಲಸದ ಹೆಂಗಸರಲ್ಲೊಬ್ಬಳಾದ ಸುಂದ್ರವ್ವನ ಕೈಯಲ್ಲಿ ಉದ್ದವ್ವನ ಮನೆಗೆ ಕಳಿಸಿದಳು. ಗಂಟು ಹಾಗೆಯೇ ಹಿಂದಿರುಗಿತು.

“ಹಲ್ಲ ನೋವೈತಿ, ತಿನ್ನಾಕ ಬರಾಂಗಿಲ್ಲ ಅಂದಳ್ರಿ,” ಎಂದಳು ಸುಂದ್ರವ್ವ.

“ಮತ್ತೇನರ ಅಂದಳಾ?”

“ಗಂಟ ಬಿಚ್ಚಿಲ್ಲ, ಎಣಿಸಿ ತಗೊಳ್ಳಾಕ ಹೇಳು ಅಂದಳ್ರಿ.”

ಇತ್ತ ಹಾಡು ನಿಲ್ಲಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ಮುಂದಿನ ನುಡಿ ಎತ್ತುವವಳಿಲ್ಲದೆ ಹೆಂಗಸರು ಒಂದೇ ನುಡಿಯನ್ನು ಬೆಳಗಿನಿಂದ ಹಾಡಿದರು, ಮತ್ತೆ ಹಾಡಿದರು, ಬಾಗಿಲ ಚಿಲಕ ಗಾಳಿಗೆ ಬಡಿದಂತೆ.

“ಸಾಕ ಮಾಡ್ರೆವಾ, ಬ್ಯಾರೆ ಏನರ ಹಾಡ್ರಿ,” ಎಂದಳು ಶಿವಗಂಗವ್ವ.

“ಯಾವ ನುಡಿ ಆದ್ರೇನ್ರಿ ಅಕ್ಕಾರ, ಬಾಯಿ ಖಾಲಿ ಇದ್ರಾತಲ್ಲ?” ಸುಂದ್ರವ್ವ ಆ ಎಂದು ಬಾಯಿ ತೆರೆದು ತೋರಿಸಿದಳು.

ಯಾರೋ ಕಿಸಕ್ಕನೆ ನಕ್ಕರು. ಎಲ್ಲರಿಗಿಂತ ಹಿರಿಯಳಾದ ಹಣಮವ್ವ ಮೂಲೆಯಿಂದ ಅಂದಳು: “ನನ್ನ ಬಾಯಾಗ ಹಲ್ಲಾ ಇಲ್ಲ. ನನ್ನ ಯಾಕ ಹಾಡಸ್ತಿ ತಾಯಿ?”

ಹೊತ್ತು ನೆತ್ತಿಗೆ ಬರುವ ಮುಂಚೆ ರಾಚಪ್ಪ ಬಂದು ಕಟ್ಟೆಯ ಮೇಲೆ ಕೂತ. ಶಿವಗಂಗವ್ವ ಒಲೆಯಿಂದ ಕಟ್ಟಿಗೆ ಹಿರಿದು ಬೆಂಕಿ ಆರಿಸಿದಳು.

“ಉದ್ದವ್ವನ ಮನಿಗೆ ಹೊಂಟೇನಿ ಅಣ್ಣಾ.”

“ನೀ ಹೋಗೂದೇನವಾ?” ರಾಚಪ್ಪ ಎದ್ದೇಬಿಟ್ಟ. “ಕರೆ ಕಳಸು, ಬರ್ತಾಳ. ಒಡತಿ ಆಳಿನ ಬಾಗಲಿಗೆ ಹೋದ್ರ ನಾಳೆ ಎಲ್ಲಾರೂ ತಲಿ ಮ್ಯಾಲೆ ಕುಂದರ್ತಾರ. ಮಂದೀನ ಆಳೂದು ಅಂದ್ರ...”

ಅವಳು ಅವನ ಕಡೆ ನೋಡಲಿಲ್ಲ. ಹೆಂಗಸರ ಕಡೆ ತಿರುಗಿದಳು.

“ಉದ್ದವ್ವನ ಬಾಯಿ ನಿಮ್ಮ ಮುಂದ ತಗಿಸೇನಿ. ಅದಕ್ಕ ನಿಮ್ಮ ಮುಂದ ಹೇಳಾಕತ್ತೇನಿ. ಆಕಿ ಕಳ್ಳಿ ಅಲ್ಲ. ನೀವ್ಯಾರೂ ಅಲ್ಲ. ನಿಮ್ಮ ಹಾಡ ನಾ ಕಾವಲಕ್ಕ ಹಾಡಸೇನಿ. ನಂದು ತಪ್ಪಾತು.”

ಅಡಕೊತ್ತುಗಳು ಒಂದೊಂದಾಗಿ ಕೆಳಗಿಳಿದವು.

“ನಮಗ ಗೊತ್ತಿತ್ತು ತಾಯಿ,” ಎಂದಳು ಹಣಮವ್ವ ಮೆಲ್ಲಗೆ. “ಆಕೀಗೆ ಹೋಗಿ ಹೇಳು.”

ಶಿವಗಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಓಣಿಯವರೆಲ್ಲ ನೋಡುತ್ತಿರುವಂತೆಯೇ ಕಟ್ಟೆಯಿಂದ ಇಳಿದಳು.

“ಹೋದ ಮ್ಯಾಲೂ ಆಕಿ ಬರದಿದ್ರ?” ಎಂದು ರಾಚಪ್ಪ ಹಿಂದಿನಿಂದ ಕೂಗಿದ.

“ಬರದಿದ್ರ ಬಿಡಲಿ,” ಎಂದಳು ಅವಳು, ಹೆಜ್ಜೆ ನಿಲ್ಲಿಸದೆ, “ಆದ್ರ ಆಕಿ ನೆರೆಹೊರಿ ಮುಂದ ನಾ ಮೊದಲ ತಪ್ಪಾತು ಅನ್ನಬೇಕು,” ಎನ್ನುತ್ತಲೇ ಓಣಿಯ ತಿರುವಿನಲ್ಲಿ ಮರೆಯಾದಳು.